ಹಾಡುಪಟ್ಟಿ ಕಟ್ಟುವುದು ಹೇಗೆ: ನಾಲ್ಕು ಹಾಡು ಬಲ್ಲವರಿಗೂ ನಾನೂರು ಹಾಡು ಬಲ್ಲವರಿಗೂ

ಗಣೇಶೋತ್ಸವದ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನಡೆಯುವಾಗ ವೇದಿಕೆಗೆ ಚೀಟಿಗಳು ಬರುತ್ತವೆ. ಕಾಲೇಜಿನ ದಿನಗಳಲ್ಲಿ ನಾನು ಅಂಥದೊಂದು ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಚೀಟಿ ಬಿಡಿಸಿ ಓದುವ ಕೆಲಸವೂ ನನ್ನದೇ. ಹತ್ತರಲ್ಲಿ ಎಂಟು ಚೀಟಿಗಳಲ್ಲಿ ಅದೇ ಮೂರೋ ನಾಲ್ಕೋ ಹಾಡು. ಉಳಿದ ಎರಡರಲ್ಲಿ, ಒಂದೇ ಕೈಬರಹದಲ್ಲಿ, ನಮಗೆ ಪಲ್ಲವಿಯೂ ನೆನಪಿಲ್ಲದ ಯಾವುದೋ ಹಳೆಯ ಹಾಡು. ಆ ಎರಡು ಚೀಟಿಯ ಮನುಷ್ಯ ಮೊದಲ ಸಾಲಿನಲ್ಲಿ ಕುಳಿತಿರುತ್ತಿದ್ದ, ಪ್ರಸಾದ ಹಂಚಿ ಮುಗಿದರೂ ಏಳುತ್ತಿರಲಿಲ್ಲ.

ಲಕ್ಷ ಜನರ ಮುಂದೆ ನುಡಿಸುವ ಬ್ಯಾಂಡುಗಳ ತಲೆನೋವೂ ಇದೇ. ವರ್ಷಕ್ಕೊಮ್ಮೆ ಟಿಕೆಟ್ ಕೊಂಡು ಬರುವವರಿಗೆ ಗೊತ್ತಿರುವ ಹಾಡು ಬೇಕು. ಊರಿಂದೂರಿಗೆ ಬೆನ್ನು ಹತ್ತಿ ಬರುವ ಕಟ್ಟಾ ಅಭಿಮಾನಿಗೆ ನಿನ್ನೆ ಕೇಳದ ಹಾಡು ಬೇಕು. ಇಬ್ಬರನ್ನೂ ಒಂದೇ ರಾತ್ರಿಯಲ್ಲಿ ಒಪ್ಪಿಸುವ ಪಟ್ಟಿ ಮಾಡಲು ಬರುತ್ತದೆ. ಮೊದಲ ಪ್ರವಾಸಕ್ಕೆ ಹೊರಟ ತಂಡಗಳಿಗಾಗಿ, ಹಾಗೂ ಪಟ್ಟಿ ನೋಡಿ ಗೊಣಗುವ ಅಭ್ಯಾಸವಿರುವ ಕೇಳುಗರಿಗಾಗಿಯೂ, ಆ ಕೆಲಸದ ಕ್ರಮ ಇಲ್ಲಿದೆ.

ಮೊದಲು ಗಡಿಯಾರ

ಪಟ್ಟಿ ಶುರುವಾಗಬೇಕಾದದ್ದು ನಿಮಿಷಗಳಿಂದ. ಆಯೋಜಕರು 90 ನಿಮಿಷ ಕೊಟ್ಟಿದ್ದಾರೆ ಎಂದುಕೊಳ್ಳಿ. ಮಾತು, ಶ್ರುತಿ, ಗಿಟಾರ್ ಬದಲಾವಣೆ, ನೀರು ಇಷ್ಟಕ್ಕೆ 10 ನಿಮಿಷ ಹೋಯಿತು. ಒಳಗೆ ಹೋಗಿ, ‘ಒನ್ಸ್ ಮೋರ್’ ಕೂಗಿಸಿಕೊಂಡು, ಮತ್ತೆ ಹೊರಗೆ ಬರುವುದಕ್ಕೆ 5. ಉಳಿದ 75 ನಿಮಿಷವನ್ನು ಹಾಡಿಗೆ ನಾಲ್ಕೂವರೆ ನಿಮಿಷದಂತೆ ಭಾಗಿಸಿದರೆ 16 ಹಾಡು. ಹದಿನೆಂಟು ಹಿಡಿಸಿಬಿಡೋಣ ಎನ್ನುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಹೊತ್ತು ಮೀರಿದಾಗ ಕತ್ತರಿ ಬೀಳುವುದು ಕೊನೆಯ ಎರಡು ಹಾಡಿಗೆ, ಮತ್ತು ಜನ ಕಾಯುತ್ತಿದ್ದದ್ದು ಅವೇ ಎರಡು ಹಾಡಿಗೆ.

ಗಡಿಯಾರ ದೊಡ್ಡವರನ್ನೂ ಬಿಡುವುದಿಲ್ಲ. 2012ರ ಜುಲೈನಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡುತ್ತಿದ್ದರು. ಕೊನೆಯಲ್ಲಿ ಬೀಟಲ್ಸ್ ಖ್ಯಾತಿಯ ಪಾಲ್ ಮೆಕಾರ್ಟ್ನಿಯೂ ಜೊತೆಗೂಡಿದರು. ಗಡುವು ಮೀರಿತ್ತು, ಧ್ವನಿವರ್ಧಕ ಆರಿತು. ಇಬ್ಬರು ದಿಗ್ಗಜರು ಜನರಿಗೆ ಧನ್ಯವಾದ ಹೇಳುವುದೂ ಯಾರಿಗೂ ಕೇಳಿಸಲಿಲ್ಲ. ನಮ್ಮಲ್ಲಿ ಬಯಲಿನ ಕಾರ್ಯಕ್ರಮಕ್ಕೆ ರಾತ್ರಿ 10 ಗಂಟೆಯ ಗಡಿ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಗಡಿ ಅದು. ಗಣ್ಯರ ಭಾಷಣ ಎಷ್ಟು ಉದ್ದವಾಗುತ್ತದೆ ಎಂಬುದನ್ನು ಯಾವ ಆಯೋಜಕರೂ ಮೊದಲೇ ಹೇಳುವುದಿಲ್ಲ. ಆದ್ದರಿಂದ ಬಿಡಬಹುದಾದ ಎರಡು ಹಾಡುಗಳನ್ನು ಪಟ್ಟಿಯ ನಡುವೆಯೇ ಗುರುತು ಹಾಕಿಡಿ.

ಹಾಡುಗಳನ್ನು ರಾಶಿ ಮಾಡಿ

ನುಡಿಸಬಲ್ಲ ಎಲ್ಲ ಹಾಡುಗಳನ್ನೂ ನಾಲ್ಕು ರಾಶಿ ಮಾಡಿ. ಒಂದು, ಸಾಲದ ಹಾಡುಗಳು: ಜನರಿಗೆ ನೀವು ತೀರಿಸಲೇಬೇಕಾದ ಸಾಲ ಇವು, ಹಾಡದಿದ್ದರೆ ಜನ ಮೋಸ ಹೋದೆವು ಎಂದುಕೊಂಡು ಮನೆಗೆ ಹೋಗುತ್ತಾರೆ. ಎರಡು, ದುಡಿಯುವ ಎತ್ತುಗಳು: ಯಾರೂ ಚೀಟಿ ಕಳಿಸದ, ಆದರೆ ಶುರುವಾದರೆ ತಲೆಯಾಡಿಸದೆ ಇರಲಾಗದ ಹಾಡುಗಳು. ಮೂರು, ಹೊಸವು. ನಾಲ್ಕು, ಪೆಟ್ಟಿಗೆಯ ತಳದವು. ಎರಡು ಚೀಟಿಯವನ ಹಾಡುಗಳು. ಹದಿನಾರರ ಪಟ್ಟಿಯಲ್ಲಿ ಆರು ಸಾಲ, ನಾಲ್ಕು ಎತ್ತು, ಮೂರು ಹೊಸದು, ಮೂರು ತಳದ್ದು ಎಂದು ಹಂಚುವುದು ನನಗೆ ಸರಿ ಎನಿಸುತ್ತದೆ.

ಸಾಲದ ರಾಶಿಯ ಮೇಲೆ ಸಂಗೀತಗಾರರಿಗೆ ಸಿಟ್ಟಿರುತ್ತದೆ. ರೇಡಿಯೊಹೆಡ್ ತಂಡವನ್ನು ಜಗತ್ತಿಗೆ ಪರಿಚಯಿಸಿದ್ದು 1992ರ ‘ಕ್ರೀಪ್’. ಆ ಹಾಡಿನ ಬಗ್ಗೆ ಬೇಸತ್ತ ತಂಡ ಅದನ್ನು ವರ್ಷಗಟ್ಟಲೆ ಮುಟ್ಟಲಿಲ್ಲ. 2016ರ ಪ್ರವಾಸದಲ್ಲಿ ಮತ್ತೆ ಎತ್ತಿಕೊಂಡಾಗ ಅದೇ ಸುದ್ದಿಯಾಯಿತು. ಹಾಗೆ ಬಿಡುವ ಧೈರ್ಯವಿದ್ದರೆ ಬಿಡಬಹುದು. ಬಾಬ್ ಡಿಲನ್ ಬೇರೆ ದಾರಿ ಹಿಡಿದರು. ಹಳೆಯ ಹಾಡಿನ ಧಾಟಿ, ಲಯ ಎರಡನ್ನೂ ಬದಲಿಸಿ, ಎರಡನೇ ಸಾಲು ಬರುವವರೆಗೂ ಯಾವ ಹಾಡೆಂದೇ ತಿಳಿಯದಂತೆ ಹಾಡುವುದು ಅವರ ರೂಢಿ. ಡಿಲನ್‌ಗೆ ಅದು ಸಲ್ಲುತ್ತದೆ. ಮೊದಲ ಬಾರಿಗೆ ಬಂದ ಊರಿನಲ್ಲಿ ನಿಮ್ಮ ಏಕೈಕ ಜನಪ್ರಿಯ ಹಾಡನ್ನು ನಿಧಾನಗತಿಗೆ ಇಳಿಸಿ ಕಣ್ಣು ಮುಚ್ಚಿಕೊಂಡು ಹಾಡಿದರೆ ಜನ ಮೊಬೈಲ್ ತೆಗೆಯುತ್ತಾರೆ, ಚಿತ್ರೀಕರಿಸುವುದಕ್ಕಲ್ಲ. ಸಾಲದ ಹಾಡನ್ನು ಒಂದೋ ಜನ ಕೇಳಿದ ರೂಪದಲ್ಲಿಯೇ ಮನಸ್ಸಿಟ್ಟು ಹಾಡಬೇಕು, ಇಲ್ಲವೇ ಕೈಬಿಡಬೇಕು. ಕಾಟಾಚಾರಕ್ಕೆ ಹಾಡಿದ್ದು ಹಿಂದಿನ ಸಾಲಿನವರೆಗೂ ಗೊತ್ತಾಗುತ್ತದೆ.

ಊರು ಯಾವುದು, ಎಷ್ಟನೇ ಸಲ?

ಯಾವ ಹಾಡು ಯಾವ ರಾಶಿಗೆ ಸೇರುತ್ತದೆ ಎಂಬುದು ಊರಿನಿಂದೂರಿಗೆ ಬದಲಾಗುತ್ತದೆ. ರಘು ದೀಕ್ಷಿತರ ತಂಡದ 2008ರ ಮೊದಲ ಆಲ್ಬಮಿನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯಾ ಸೇದಿ ನೋಡೋ’ ಇದೆ. ಅದೇ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಹೋಯಿತು. ಶರೀಫರ ಪದ ಧಾರವಾಡದಲ್ಲಿ ಸಾಲದ ರಾಶಿಯ ತುದಿಯಲ್ಲಿರುತ್ತದೆ, ಅರ್ಧ ಹಾಡನ್ನು ಜನರೇ ಹಾಡಿಬಿಡುತ್ತಾರೆ. ಕನ್ನಡವೇ ತಿಳಿಯದ ಗದ್ದೆ ಬಯಲಿನಲ್ಲಿ ಅದು ಬರಿಯ ಲಯ. ಅಲ್ಲಿ ಅದನ್ನು ಬೇರೆ ಕಡೆ ಇಡಬೇಕು, ಬೇರೆ ರೀತಿ ಎತ್ತಬೇಕು.

ಮೊದಲ ಸಲ ಹೋಗುವ ಊರಿಗೂ ಹತ್ತನೇ ಸಲದ ಊರಿಗೂ ಒಂದೇ ಪಟ್ಟಿ ಸಲ್ಲದು. ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಅದು ಭಾರತದಲ್ಲಿ ಆ ತಂಡದ ಮೊದಲ ಕಛೇರಿ. ಕ್ಯಾಸೆಟ್ ಕಾಲದಿಂದ ಕಾದಿದ್ದ ಜನ ಎದುರಿಗಿದ್ದರು; ಹಳೆಯ ಹಾಡುಗಳದ್ದೇ ಮೇಲುಗೈಯಾಗಿತ್ತು, ಆಗಬೇಕಾದದ್ದೂ ಹಾಗೆಯೇ. ಮೊದಲ ಭೇಟಿಯಲ್ಲಿ ಕಟ್ಟಾ ಅಭಿಮಾನಿಯೂ ಸಾಲ ವಸೂಲಿಗೇ ಬಂದಿರುತ್ತಾನೆ. ಇದೇ ತಂಡ 2023ರಲ್ಲಿ ಆರಂಭಿಸಿದ ಪ್ರವಾಸದಲ್ಲಿ ಯೂರೋಪ್, ಅಮೆರಿಕದ ಬಹುತೇಕ ಊರುಗಳಲ್ಲಿ ಎರಡೆರಡು ರಾತ್ರಿ ನುಡಿಸಿತು. ಮೊದಲ ರಾತ್ರಿಯ ಒಂದು ಹಾಡೂ ಎರಡನೇ ರಾತ್ರಿ ಬಾರದಂತೆ ನೋಡಿಕೊಂಡಿತು. ನಲವತ್ತು ವರ್ಷದ ಕಣಜವಿರುವವರು ಮಾಡಬಹುದಾದ ಕೆಲಸ ಅದು. ಎರಡು ಆಲ್ಬಮ್ ಇರುವವರು ಅನುಕರಿಸಲು ಹೋಗಬಾರದು.

ಕ್ರಮ: ಇಲ್ಲಿಯೇ ಎಲ್ಲರೂ ಎಡವುವುದು

ಮೊದಲ ಹಾಡು ಎಲ್ಲರಿಗೂ ಗೊತ್ತಿರುವ, ಆದರೆ ನಿಮ್ಮ ಅತಿ ದೊಡ್ಡದಲ್ಲದ ಹಾಡಾಗಿರಲಿ. ಇದಕ್ಕೊಂದು ಒಣ ಕಾರಣವಿದೆ. ಸಂಜೆ ಖಾಲಿ ಮೈದಾನದಲ್ಲಿ ಹೊಂದಿಸಿದ ಧ್ವನಿ ಜನ ತುಂಬಿದ ಮೇಲೆ ಹಾಗೆಯೇ ಇರುವುದಿಲ್ಲ. ಮೊದಲ ಹಾಡಿನುದ್ದಕ್ಕೂ ಸೌಂಡ್ ಎಂಜಿನಿಯರ್ ಗುಂಡಿಗಳನ್ನು ತಿರುಗಿಸುತ್ತಲೇ ಇರುತ್ತಾರೆ. ನಿಮ್ಮ ನವಿರಾದ ಹಾಡನ್ನು ಅವರ ಪ್ರಯೋಗಕ್ಕೆ ಬಲಿ ಕೊಡಬೇಡಿ. ದೊಡ್ಡ ಕಾರ್ಯಕ್ರಮಗಳಲ್ಲಿ ಪತ್ರಿಕಾ ಛಾಯಾಗ್ರಾಹಕರಿಗೆ ಸಾಮಾನ್ಯವಾಗಿ ಮೊದಲ ಮೂರು ಹಾಡಿನವರೆಗೆ ಮಾತ್ರ ಅವಕಾಶ. ಕುಣಿದಾಡುವುದೇನಿದ್ದರೂ ಅಷ್ಟರಲ್ಲಿ ಕುಣಿದುಬಿಡಿ.

ಇನ್ನು ಹೊಸ ಹಾಡುಗಳ ಪಾಡು. ಕರ್ನಾಟಕ ಸಂಗೀತದ ಸಭೆಗಳಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾಯಿತೆಂದರೆ ಹಿಂದಿನ ಸಾಲುಗಳು ಕಾಫಿಗೆ ಎದ್ದು ಹೋಗುವುದನ್ನು ಎಲ್ಲರೂ ಕಂಡಿದ್ದೇವೆ. ಮೃದಂಗದವರು ಎಷ್ಟೇ ಚೆನ್ನಾಗಿ ನುಡಿಸಲಿ, ಏಳುವವರು ಏಳುತ್ತಾರೆ. ರಾಕ್ ಮೈದಾನದಲ್ಲಿ ಆ ಜಾಗ ಹೊಸ ಹಾಡಿನದು. ‘ಇದು ನಮ್ಮ ಹೊಸ ಆಲ್ಬಮಿನಿಂದ’ ಎಂದ ಕೂಡಲೇ ಸಾಲು ಕರಗುತ್ತದೆ. ಗೊತ್ತಿಲ್ಲದ ಒಂದು ಹಾಡನ್ನು ಜನ ಸಹಿಸುತ್ತಾರೆ, ಇಷ್ಟವನ್ನೂ ಪಡುತ್ತಾರೆ. ಸತತ ಎರಡನ್ನು ಸಹಿಸುವುದಿಲ್ಲ. ಆದ್ದರಿಂದ ಹೊಸದನ್ನು ಎರಡು ಸಾಲದ ಹಾಡುಗಳ ನಡುವೆ ಕೂರಿಸಿ; ಘೋಷಣೆ ಮಾಡದೆ, ಹಿಂದಿನ ಹಾಡಿನ ಕೊನೆಯ ತಾಳದಿಂದಲೇ ಅದಕ್ಕೆ ಜಾರಿದರೆ ಇನ್ನೂ ಒಳ್ಳೆಯದು.

ಇದನ್ನು ಲೆಕ್ಕಿಸದವರೂ ಇದ್ದಾರೆ. 2006ರ ಪ್ರವಾಸದಲ್ಲಿ ಐರನ್ ಮೇಡನ್ ತಂಡ ಆಗಷ್ಟೇ ಬಂದಿದ್ದ ತನ್ನ ಆಲ್ಬಮಿನ ಹತ್ತೂ ಹಾಡುಗಳನ್ನು, ಸುಮಾರು 72 ನಿಮಿಷ, ಒಂದಾದ ಮೇಲೊಂದರಂತೆ ನುಡಿಸಿತು. ಹಳೆಯ ಹಾಡುಗಳು ಬಂದದ್ದು ಅದಾದ ಮೇಲೆ, ಅವೂ ಬೆರಳೆಣಿಕೆಯಷ್ಟು. ತಂಡದ ಛಲಕ್ಕೆ ಮೆಚ್ಚಿದವರಿದ್ದರು, ಟಿಕೆಟ್ ದುಡ್ಡು ನೆನೆದು ಹಲ್ಲು ಕಡಿದವರೂ ಇದ್ದರು. ಮರುವರ್ಷ ಮಾರ್ಚ್ 17ರಂದು ತಂಡ ಬೆಂಗಳೂರಿಗೆ ಬರುವ ಹೊತ್ತಿಗೆ ಪಟ್ಟಿ ಬದಲಾಗಿತ್ತು. ಹೊಸ ಆಲ್ಬಮಿನ ಹಾಡುಗಳು ಅರ್ಧಕ್ಕಿಳಿದಿದ್ದವು. 1982ರ ‘ದ ನಂಬರ್ ಆಫ್ ದ ಬೀಸ್ಟ್’ ಆಲ್ಬಮಿಗೆ 25 ವರ್ಷವಾದ ನೆಪದಲ್ಲಿ ಹಳೆಯವು ಮೇಲೆ ಬಂದಿದ್ದವು. ನಾವು ಅದೃಷ್ಟವಂತರು ಎಂದೇ ನನ್ನ ಅಭಿಪ್ರಾಯ. 2006ರ ಪಟ್ಟಿಯೇ ಶ್ರೇಷ್ಠ ಎಂದು ವಾದಿಸುವ ಗೆಳೆಯರೂ ನನಗಿದ್ದಾರೆ, ಅವರು ಎರಡು ಚೀಟಿಯ ಜಾತಿಯವರು.

ಉಳಿದದ್ದು ಕೈಕೆಲಸ. ಒಂದೇ ಶ್ರುತಿ, ಒಂದೇ ವೇಗದ ಹಾಡುಗಳು ಸಾಲಾಗಿ ಬಂದರೆ ಗಂಜಿಯಾಗುತ್ತದೆ. ಕಛೇರಿಗಳಲ್ಲಿ ಶುದ್ಧಮಧ್ಯಮದ (ಕೆಳಗಿನ ‘ಮ’ ಸ್ವರದ) ರಾಗವಾದ ಮೇಲೆ ಪ್ರತಿಮಧ್ಯಮದ್ದನ್ನು (ಮೇಲಿನ ‘ಮ’ದ್ದನ್ನು) ಎತ್ತಿಕೊಳ್ಳುವ ಜಾಣತನ ಇಲ್ಲಿಯೂ ನಡೆಯುತ್ತದೆ. ಆದರೆ ತಂತಿಯನ್ನು ಬೇರೆ ಶ್ರುತಿಗೆ ಇಳಿಸಬೇಕಾದ ಹಾಡುಗಳಿದ್ದರೆ ಅವನ್ನು ಒಟ್ಟಿಗಿಡಿ, ಇಲ್ಲವಾದರೆ ಮೂರು ಮೂರು ನಿಮಿಷಕ್ಕೆ ಗಿಟಾರ್ ಬದಲಿಸುತ್ತ ನಿಲ್ಲಬೇಕಾಗುತ್ತದೆ. ತಾರಸ್ಥಾಯಿಯ ಎರಡು ಹಾಡುಗಳ ನಡುವೆ ಗಾಯಕರಿಗೆ ಉಸಿರಾಡುವ ಹಾಡೊಂದಿರಲಿ. ಕರ್ನಾಟಕ ಸಂಗೀತದ ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು ರೂಢಿಗೆ ತಂದ ಕಛೇರಿ ಪದ್ಧತಿಯಲ್ಲಿ ವರ್ಣದಿಂದ ಗಂಟಲು ತೆರೆದು, ಚುರುಕಾದ ಕೃತಿಗಳಾಗಿ, ಭಾರದ್ದು ನಡುವೆ ಬಂದು, ಕೊನೆಗೆ ದೇವರನಾಮಗಳಂಥ ಹಗುರ ಹಾಡುಗಳು ಬರುತ್ತವೆ. ಸಂಗೀತ ಬಲ್ಲವರು ನಡುವಿನದಕ್ಕೂ ಬಾರದವರು ಕೊನೆಯದಕ್ಕೂ ಕಾಯುತ್ತಾರೆ, ಇಬ್ಬರೂ ಕುರ್ಚಿ ಬಿಡುವುದಿಲ್ಲ. ಗಿಟಾರ್ ಹಿಡಿದವರು ಕದಿಯಬೇಕಾದ ಉಪಾಯ ಇದು.

ಎರಡು ಚೀಟಿಯವನಿಗೆ ಕಿಟಕಿ

ಈಗ ಆ ಮೂರು ತಳದ ಹಾಡುಗಳು. ಪಟ್ಟಿಯ ಎಲುಬಿನಗೂಡು ಪ್ರತಿ ರಾತ್ರಿ ಒಂದೇ ಇರಲಿ, ಎರಡೋ ಮೂರೋ ಜಾಗಗಳನ್ನು ಮಾತ್ರ ಖಾಲಿ ಬಿಡಿ. ದಿನವೂ ಬದಲಾಗುವುದು ಆ ಕಿಟಕಿಗಳು.

ಇದನ್ನು ಅತಿ ಕಡಿಮೆ ಖರ್ಚಿನಲ್ಲಿ ಮಾಡಿದವರು ಟೇಲರ್ ಸ್ವಿಫ್ಟ್. 2023ರ ಮಾರ್ಚ್‌ನಿಂದ 2024ರ ಡಿಸೆಂಬರ್‌ವರೆಗೆ 149 ಪ್ರದರ್ಶನ, ಪ್ರತಿಯೊಂದೂ ಮೂರು ಗಂಟೆಗೂ ಮೀರಿದ್ದು. ನರ್ತಕರು, ಉಡುಪು, ಪರದೆಯ ದೃಶ್ಯ ಎಲ್ಲವೂ ಸೆಕೆಂಡಿನ ಲೆಕ್ಕದಲ್ಲಿ ಹೆಣೆದಿದ್ದವು. ಹಾಡು ಬದಲಿಸುವುದು ಸಾಧ್ಯವೇ ಇರಲಿಲ್ಲ. ಹಾಗಾಗಿ ಒಂದು ಹಂತದಲ್ಲಿ ಎಲ್ಲರನ್ನೂ ಬದಿಗೆ ಕಳಿಸಿ, ಒಮ್ಮೆ ಗಿಟಾರ್, ಒಮ್ಮೆ ಪಿಯಾನೊ ಹಿಡಿದು ಒಬ್ಬರೇ ಹಾಡುತ್ತಿದ್ದರು. ಆ ರಾತ್ರಿ ಯಾವ ಹಾಡು ಎಂಬುದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಅಷ್ಟು ಸ್ವಲ್ಪ ಹೊತ್ತಿಗಾಗಿ ಬೇರೆ ಖಂಡಗಳಲ್ಲಿ ಕುಳಿತವರೂ ನಿದ್ದೆಗೆಟ್ಟು ಮೊಬೈಲ್ ನೋಡುತ್ತಿದ್ದರು.

ಸ್ಪ್ರಿಂಗ್‌ಸ್ಟೀನ್ ದಾರಿ ಇನ್ನೂ ಧೈರ್ಯದ್ದು. ಜನ ಹಾಡಿನ ಹೆಸರು ಬರೆದ ರಟ್ಟಿನ ಹಲಗೆಗಳನ್ನು ಎತ್ತಿ ಹಿಡಿಯುತ್ತಿದ್ದರು, ಅವರು ವೇದಿಕೆಯಂಚಿಗೆ ಬಂದು ಅವನ್ನು ಸಂಗ್ರಹಿಸುತ್ತಿದ್ದರು, ಒಂದನ್ನು ಆರಿಸಿ ತಂಡಕ್ಕೆ ತೋರಿಸುತ್ತಿದ್ದರು. ನಮ್ಮ ಚೀಟಿಯೇ, ಗಾತ್ರ ದೊಡ್ಡದು. ಪರ್ಲ್ ಜ್ಯಾಮ್ ತಂಡದ ಎಡ್ಡಿ ವೆಡ್ಡರ್ ಪ್ರತಿ ಸಂಜೆ ಪಟ್ಟಿಯನ್ನು ಕೈಯಲ್ಲಿಯೇ ಬರೆಯುತ್ತಾರೆ. ಈ ಬದಲಾವಣೆಯೇ ಸರಕೂ ಆಗುತ್ತದೆ: ಆ ತಂಡ 2000ನೇ ಇಸವಿಯ ಪ್ರವಾಸದ 72 ಪ್ರದರ್ಶನಗಳನ್ನು 72 ಆಲ್ಬಮ್ ಮಾಡಿ ಮಾರಿತು. ಕೊನೆಯ ತುದಿಯಲ್ಲಿ ಫಿಶ್ ಎಂಬ ಅಮೆರಿಕದ ತಂಡವಿದೆ. 2017ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ 13 ರಾತ್ರಿ ನುಡಿಸಿ 237 ಹಾಡು ಹಾಡಿದರು, ಒಂದೂ ಮರುಕಳಿಸಲಿಲ್ಲ. ಅಲ್ಲಿ ಕಟ್ಟಾ ಅಭಿಮಾನಿಗಳೇ ಬಹುಮತ, ಒಂದು ಹಾಡು ಎಷ್ಟು ಪ್ರದರ್ಶನಗಳ ನಂತರ ಬಂತು ಎಂದು ಲೆಕ್ಕ ಇಡುವ ಜನ. ನಿಮ್ಮ ಕೇಳುಗರು ಅಂಥವರಲ್ಲದಿದ್ದರೆ ಆ ಗೊಡವೆಗೆ ಹೋಗಬೇಡಿ.

ಕಿಟಕಿ ಮೂರೇ ಆದರೂ ಹಿಂದಿನ ತಾಲೀಮು ಹೆಚ್ಚು ಬೇಕು. ಹದಿನಾರು ಹಾಡಿನ ರಾತ್ರಿಗೆ ಮೂವತ್ತಾದರೂ ಸಿದ್ಧವಿರಬೇಕು. ತಪ್ಪು ನುಡಿಸಿದ ಅಪರೂಪದ ಹಾಡನ್ನು ಎರಡು ಚೀಟಿಯವನು ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಾನೆ.

ಹೊಸ ಹಾಡಿಗೆ ಘೋಷಣೆ ಬೇಡ ಎಂದೆ. ಅಪರೂಪದ ಹಾಡಿಗೆ ಬೇಕು. ‘ಇದನ್ನು ಆರು ವರ್ಷದಿಂದ ಎಲ್ಲಿಯೂ ಹಾಡಿಲ್ಲ’ ಎಂದು ನಿಜವನ್ನು ಒಂದು ಸಾಲಿನಲ್ಲಿ ಹೇಳಿ. ಹಾಡು ಗೊತ್ತಿಲ್ಲದವರಿಗೂ ತಮಗೇನೋ ವಿಶೇಷ ಸಿಗುತ್ತಿದೆ ಎನಿಸಿ ಕಾಫಿಗೆ ಹೊರಟವರು ನಿಲ್ಲುತ್ತಾರೆ.

ಕಾಗದಕ್ಕಿಳಿಸುವುದು

ದೊಡ್ಡ ಅಕ್ಷರ, ಕಪ್ಪು ಶಾಯಿ. ಕೆಂಪು ದೀಪ ಬಿದ್ದಾಗ ಕೆಂಪು ಶಾಯಿಯಲ್ಲಿ ಬರೆದದ್ದು ಮಾಯವಾಗುತ್ತದೆ. ಹಾಡಿನ ಪೂರ್ತಿ ಹೆಸರು ಬೇಡ, ತಂಡದೊಳಗಿನ ಅಡ್ಡಹೆಸರು ಸಾಕು; ಪಕ್ಕದಲ್ಲಿ ಶ್ರುತಿ. ಪ್ರತಿಯೊಬ್ಬರ ಕಾಲಬಳಿ ಒಂದೊಂದು ಪ್ರತಿ ಅಂಟಿಸಿ, ಧ್ವನಿಯವರಿಗೊಂದು, ಬೆಳಕಿನವರಿಗೊಂದು ಕೊಡಿ. ಬೆಳಕಿನವರನ್ನು ಮರೆಯುವುದೇ ಹೆಚ್ಚು, ಶೋಕದ ಹಾಡಿಗೆ ಬಣ್ಣದ ದೀಪ ಕುಣಿಯುವುದೂ ಅದರಿಂದಲೇ.

ಕಾರ್ಯಕ್ರಮ ಮುಗಿದ ಮೇಲೆ ಮುಂದಿನ ಸಾಲಿನವರು ಆ ಕಾಗದಕ್ಕೆ ಕೈ ಚಾಚುತ್ತಾರೆ. ಕೊಡಿ, ಆದರೆ ಒಂದನ್ನು ಇಟ್ಟುಕೊಳ್ಳಿ. ಎಲ್ಲಿ ಜನ ಎದ್ದರು, ಎಲ್ಲಿ ಜೊತೆಗೆ ಹಾಡಿದರು, ಯಾವುದನ್ನು ಬಿಟ್ಟಿರಿ, ಅಂದೇ ರಾತ್ರಿ ಬರೆದಿಡಿ. ರೋಲಿಂಗ್ ಸ್ಟೋನ್ಸ್ ಜೊತೆ 1982ರಿಂದ ಕೀಬೋರ್ಡ್ ನುಡಿಸುತ್ತಿರುವ ಚಕ್ ಲೆವೆಲ್ ಹೀಗೆ ಪುಸ್ತಕಗಳನ್ನೇ ಇಟ್ಟುಕೊಂಡವರು. ಪಟ್ಟಿ ಕಟ್ಟುವಾಗ ಮಿಕ್ ಜಾಗರ್ ಅವರನ್ನು ಕೇಳುತ್ತಾರೆ.

ನಮ್ಮ ಆರ್ಕೆಸ್ಟ್ರಾದ ಪುಸ್ತಕ ಇನ್ನೂರು ಪುಟದ ನೋಟ್‌ಬುಕ್ಕು, ಚೀಟಿಗಳನ್ನೂ ಅದರಲ್ಲೇ ಅಂಟಿಸುತ್ತಿದ್ದೆ. ಒಂದು ವರ್ಷ ಹಟಕ್ಕೆ ಬಿದ್ದು ಎರಡು ಚೀಟಿಯವನ ಹಾಡನ್ನು ಕಲಿತು ನುಡಿಸಿದೆವು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ವೇದಿಕೆಗೆ ಮತ್ತೊಂದು ಚೀಟಿ ಬಂತು. ಕೈಬರಹ ಅದೇ, ಹಾಡು ಇನ್ನೂ ಹಳೆಯದು.