ಮುಖ ಬಿಡಿಸದೆ ಹಲ್ಲೆಯ ಚಿತ್ರ ಮಾಡುವುದು

ಮೈಬಣ್ಣ ನೋಡಿ ಯಾರನ್ನೋ ಹೊಡೆದರು ಅನ್ನೋ ಸುದ್ದಿ ತಲೆಯಿಂದ ಹೋಗದಿದ್ದಾಗ ನಾನು ಅಮೂರ್ತ ಚಿತ್ರ ಮಾಡುತ್ತೇನೆ. ಏಟು ತಿಂದವರ ಮುಖ ಬಿಡಿಸುವುದಿಲ್ಲ. ಅದನ್ನು ಎಲ್ಲರೂ ಫೋನಿನಲ್ಲಿ ನೋಡಿ ಆಗಿರುತ್ತೆ, ಅವರ ಮನೆಯವರೂ ನೋಡಿರುತ್ತಾರೆ. ಮತ್ತೆ ಗೋಡೆಗೆ ಹಾಕೋದು ಯಾರಿಗೋಸ್ಕರ? 1955ರಲ್ಲಿ ಕೊಲೆಯಾದ ಕಪ್ಪು ಹುಡುಗ ಎಮ್ಮೆಟ್ ಟಿಲ್‌ನ ಶವವನ್ನು ಡೇನಾ ಶುಟ್ಜ್ ಅನ್ನೋ ಬಿಳಿಯ ಕಲಾವಿದೆ ಬಿಡಿಸಿದ್ದರು. 2017ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಜನ ಆ ಚಿತ್ರಕ್ಕೆ ಅಡ್ಡ ನಿಂತು ಪ್ರತಿಭಟಿಸಿದ್ದು ಇದನ್ನೇ ಕೇಳಿ. ಅದರಲ್ಲೂ ಮುಖ ಅರ್ಧ ಅಮೂರ್ತವೇ. ಅಂದರೆ ಬಣ್ಣ ಎಳೆದು ಮುಖ ಕಲಸಿದ ಮಾತ್ರಕ್ಕೆ ಪಾರಾಗಲು ಆಗಲ್ಲ.

ನನಗೆ ಮೊದಲ ಯೋಚನೆ ಕಪ್ಪಿನದ್ದು. ದ್ವೇಷ ಅಂದ ತಕ್ಷಣ ಕೈ ಕಪ್ಪು ಟ್ಯೂಬಿಗೇ ಹೋಗುತ್ತೆ, ಅಲ್ವಾ? ವರ್ಣದ್ವೇಷದ ವಿರುದ್ಧ ಚಿತ್ರ ಮಾಡುತ್ತಾ ಕೆಟ್ಟದ್ದಕ್ಕೆಲ್ಲ ಕಪ್ಪನ್ನೇ ಬಳಿದರೆ ದ್ವೇಷಿಸುವವರ ಲೆಕ್ಕವನ್ನೇ ಒಪ್ಪಿದ ಹಾಗೆ. ಅಮೆರಿಕದ ಕಪ್ಪು ಕಲಾವಿದ ನಾರ್ಮನ್ ಲೂಯಿಸ್ 1960ರ 'ಅಮೆರಿಕನ್ ಟೋಟೆಮ್'ನಲ್ಲಿ ಇದನ್ನು ತಿರುಗಿಸಿಟ್ಟರು. ಹಿನ್ನೆಲೆ ಕಪ್ಪು, ಅದರ ನಡುವೆ ನೆಟ್ಟಗೆ ನಿಂತ ಬಿಳಿ ಆಕಾರ, ಕಪ್ಪು ಜನರ ಮೇಲೆ ಹಲ್ಲೆ ಮಾಡುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪಿನವರ ಬಿಳಿ ಮುಸುಕು ನೆನಪಾಗುತ್ತೆ. ಭಯ ಬಿಳಿಯಲ್ಲಿದೆ. ನಾನು ಟ್ಯೂಬಿನ ಕಪ್ಪು ಬಳಸೋದೇ ಇಲ್ಲ, ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಅನ್ನೋ ಗಾಢ ಕಂದು ಸೇರಿಸುತ್ತೇನೆ. ನೀಲಿ ಜಾಸ್ತಿಯಾದರೆ ತಣ್ಣಗಿನ ಕಪ್ಪು, ಅಂಬರ್ ಜಾಸ್ತಿಯಾದರೆ ಬೆಚ್ಚಗಿನದು, ಮತ್ತು ಎರಡನ್ನೂ ಪಕ್ಕಪಕ್ಕ ಹಚ್ಚಿ ನೋಡಿದರೆ ಕಪ್ಪು ಒಂದೇ ಅಲ್ಲ ಅಂತ ಕಣ್ಣಿಗೇ ಗೊತ್ತಾಗುತ್ತೆ.

ಮುಖ್ಯ ಕೆಲಸ ಪದರಗಳದ್ದು. ಸುದ್ದಿ ಬಂದ ಪತ್ರಿಕೆಯ ಹಾಳೆಯನ್ನು ಆಕ್ರಿಲಿಕ್ ಮೀಡಿಯಂನಲ್ಲಿ (ಬಣ್ಣವಿಲ್ಲದ, ಅಂಟಿನಂಥ ದ್ರವ) ಅಂಟಿಸಿ, ಮೇಲೂ ಅದನ್ನೇ ಬಳಿಯುತ್ತೇನೆ. ಹಾಗೇ ಬಿಟ್ಟರೆ ಕಾಗದ ಬೇಗ ಹಳದಿಯಾಗುತ್ತೆ. ಆಮೇಲೆ ಜೆಸ್ಸೋ ಅನ್ನೋ ಬಿಳಿ ತಳಬಣ್ಣ, ಅದರ ಮೇಲೆ ಬಣ್ಣ. ಪೂರ್ತಿ ಒಣಗಿದ ಮೇಲೆ ನೀರು ಹಾಕಿ ಮರಳು ಕಾಗದದಿಂದ ಉಜ್ಜುತ್ತೇನೆ (ಒಣದಾಗಿ ಉಜ್ಜಬೇಡಿ, ಧೂಳು ಎದೆಗೆ ಹೋಗುತ್ತೆ). ಒಂದು ಕಡೆ ಅಕ್ಷರದ ಬಾಲ ಎದ್ದು ಬರುತ್ತೆ, ಇನ್ನೊಂದು ಕಡೆ ಬರೀ ಬೂದು ಚುಕ್ಕಿಗಳು. ಇನ್ನೆರಡು ಸಲ ಉಜ್ಜಿದರೆ ಕಾಗದವೇ ಕಿತ್ತು ಬರುತ್ತೆ, ಅಷ್ಟರಲ್ಲಿ ನಿಲ್ಲಿಸಬೇಕು. ಇನ್ನೊಬ್ಬ ಕಪ್ಪು ಅಮೆರಿಕನ್ ಕಲಾವಿದ ಜಾಕ್ ವಿಟನ್ 'ಬರ್ಮಿಂಗ್‌ಹ್ಯಾಮ್ 1964'ರಲ್ಲಿ ಅಲ್ಯೂಮಿನಿಯಂ ಹಾಳೆಯನ್ನು ಹರಿದು, ಆ ಬಿರುಕಿನೊಳಗೆ ಪೊಲೀಸ್ ನಾಯಿ ಮೇಲೆರಗಿದ ಪತ್ರಿಕಾ ಫೋಟೋ ಇಟ್ಟರು, ಅದರ ಮೇಲೂ ಕಾಲುಚೀಲದ ತೆಳು ಬಲೆ. ಜರ್ಮನ್ ಕಲಾವಿದ ಗೆರ್ಹಾರ್ಡ್ ರಿಕ್ಟರ್ 2014ರ 'ಬಿರ್ಕೆನೌ'ದಲ್ಲಿ ನಾಜಿ ಕ್ಯಾಂಪಿನ ಫೋಟೋಗಳನ್ನು ಕ್ಯಾನ್ವಾಸಿಗೆ ನಕಲು ಮಾಡಿ, ಅದರ ಮೇಲೆ ಬಣ್ಣ ಎಳೆದೆಳೆದು ಪೂರ್ತಿ ಮುಚ್ಚಿಬಿಟ್ಟರು. ನಾನು ವಿಟನ್ ಕಡೆಯವನು, ಒಂದಿಷ್ಟಾದರೂ ಕಾಣಬೇಕು.

ಇನ್ನು ಹೆಸರು. ಕಪ್ಪು ಅಮೆರಿಕನ್ ಕಲಾವಿದ ಸ್ಯಾಮ್ ಗಿಲಿಯಂ ಅವರ 1969ರ ಕ್ಯಾನ್ವಾಸ್ ಸುಮ್ನೆ ನೋಡಿದರೆ ಕೆಂಪು, ನೇರಳೆ ಕಲೆಗಳು, ಚೆಂದವಾಗಿಯೇ ಇದೆ. ಹೆಸರು 'ಏಪ್ರಿಲ್ 4', ಹಿಂದಿನ ವರ್ಷ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ದಿನ. ಅದು ಗೊತ್ತಾದ ಮೇಲೆ ಆ ಕೆಂಪು ಬೇರೆಯೇ ಆಗುತ್ತೆ. ನಾನೂ ಘಟನೆ ನಡೆದ ತಾರೀಖನ್ನೇ ಹೆಸರಿಡುತ್ತೇನೆ, 'ನೋವು', 'ಮೌನ' ಅಂತೆಲ್ಲ ಇಡಲ್ಲ. ಹಾಗಿಟ್ಟರೆ ಯಾರ ಡ್ರಾಯಿಂಗ್ ರೂಮಿಗಾದರೂ ಹೊಂದುತ್ತೆ. ಬಣ್ಣ ಇಷ್ಟವಾಯ್ತು, ಹೆಸರೊಂದು ಬದಲಿಸಿದರೆ ತಗೋತೀನಿ ಅಂದವರು ಇದ್ದಾರೆ. ಕೊಡಲಿಲ್ಲ.