ಹತ್ತು ಟ್ಯಾಬ್, ಹತ್ತಕ್ಕೂ ಗಂಡಭೇರುಂಡ

ಅನುವಾದ ನನ್ನ ಕಸುಬು. ಒಂದು ಪುಟ ಮುಗಿಯುವಷ್ಟರಲ್ಲಿ ನಿಘಂಟು, ಸರ್ಕಾರಿ ಆದೇಶ, ಹಳೆಯ ವರದಿ ಎಂದು ಮೂವತ್ತು ಟ್ಯಾಬ್ ತೆರೆದುಕೊಂಡಿರುತ್ತವೆ. ಮೊದಲು ಬಳಸುತ್ತಿದ್ದ ಬ್ರೌಸರ್‌ನಲ್ಲಿ ಅವು ಕುಗ್ಗುತ್ತಾ ಹೋಗಿ ಕೊನೆಗೆ ಪುಟ್ಟ ಲಾಂಛನವಷ್ಟೇ ಉಳಿಯುತ್ತಿತ್ತು. ಸರ್ಕಾರಿ ತಾಣದ ಹತ್ತು ಪುಟಗಳಿದ್ದರೆ ಹತ್ತಕ್ಕೂ ಅದೇ ಗಂಡಭೇರುಂಡ. ಕನ್ನಡ ಶೀರ್ಷಿಕೆಯ ಪಾಡು ಇನ್ನೂ ಕಷ್ಟ. ನಮ್ಮ ಅಕ್ಷರಗಳು ದುಂಡಗೆ, ಅಗಲ. ‘ಕರ್ನಾ’ ಎನ್ನುವಷ್ಟರಲ್ಲಿ ಜಾಗವೇ ಮುಗಿದಿರುತ್ತದೆ. ಒಂದು ಸಂಜೆ ಆದೇಶವೊಂದನ್ನು ಹುಡುಕುತ್ತಾ ಟ್ಯಾಬ್ ಒತ್ತಲು ಹೋಗಿ, ಅರ್ಜಿಯೊಂದನ್ನು ತುಂಬುತ್ತಿದ್ದ ಟ್ಯಾಬಿನ × ಗುರುತನ್ನು ಒತ್ತಿದೆ. ಕಂಟ್ರೋಲ್, ಶಿಫ್ಟ್, ಟಿ ಒಟ್ಟಿಗೆ ಒತ್ತಿದಾಗ ಪುಟವೇನೋ ಮರಳಿತು, ಅರ್ಜಿಯಲ್ಲಿ ಅರ್ಧ ಗಂಟೆ ತುಂಬಿದ್ದು ಮರಳಲಿಲ್ಲ.

ಆಮೇಲೆ ಫೈರ್‌ಫಾಕ್ಸ್ ಬ್ರೌಸರ್‌ಗೆ ಬಂದೆ. ಇಲ್ಲಿ ಟ್ಯಾಬ್ 76 ಪಿಕ್ಸೆಲ್‌ಗಿಂತ ಕಿರಿದಾಗುವುದಿಲ್ಲ, ಸಾಲೇ ಪಕ್ಕಕ್ಕೆ ಸರಿಯುತ್ತದೆ. ಕನ್ನಡಕ್ಕೆ ಅದೂ ಸಾಲದು. ವಿಳಾಸಪಟ್ಟಿಯಲ್ಲಿ ‘ಅಬೌಟ್:ಕಾನ್ಫಿಗ್’ ಎಂದು (ಇಂಗ್ಲಿಷ್ ಲಿಪಿಯಲ್ಲೇ) ಟೈಪಿಸಿ ಒಳಗಿನ ಸೆಟ್ಟಿಂಗ್‌ಗಳ ಪುಟ ತೆರೆದು, ಎಚ್ಚರಿಕೆಗೆ ಒಪ್ಪಿಕೊಂಡು, ಟ್ಯಾಬಿನ ಕನಿಷ್ಠ ಅಗಲ ಹೇಳುವ ‘ಟ್ಯಾಬ್‌ಮಿನ್‌ವಿಡ್ತ್’ ಹುಡುಕಿ 180 ಎಂದು ಬರೆದೆ. ಶೀರ್ಷಿಕೆಗಳು ಓದಲು ಬಂದವು. ಜೊತೆಗೆ ಪ್ರತಿ ಟ್ಯಾಬಿನ ಮೇಲೂ ಆ ಹಾಳು × ಹಾಜರು! ಕಾರಣ ತಿಳಿಯಲು ಒಂದು ಮಧ್ಯಾಹ್ನ ಹಿಡಿಯಿತು. ‘ಟ್ಯಾಬ್‌ಕ್ಲಿಪ್‌ವಿಡ್ತ್’ ಎಂಬ ಇನ್ನೊಂದು ಆಯ್ಕೆಯಿದೆ, ಅದರಲ್ಲಿ ಮೊದಲೇ ಇರುವ ಅಂಕಿ 140. ಟ್ಯಾಬ್ ಅದಕ್ಕಿಂತ ಕಿರಿದಾಗಿದ್ದರೆ × ಗುರುತು ಸದ್ಯ ನೋಡುತ್ತಿರುವ ಟ್ಯಾಬಿಗೆ ಮಾತ್ರ, ಅಗಲವಾದರೆ ಎಲ್ಲಕ್ಕೂ. ಅದನ್ನು 999 ಮಾಡಿದೆ. ಅಂದಿನಿಂದ ಬೆರಳು ತಪ್ಪಿದರೂ ಬೇರೆ ಪುಟ ಮುಚ್ಚುವುದಿಲ್ಲ.

ಹಿಂದಿನ ಸಲದ ಕಿಟಕಿ, ಟ್ಯಾಬ್‌ಗಳನ್ನು ಮತ್ತೆ ತೆರೆಯುವ ಆಯ್ಕೆ ತಾನಾಗಿ ಚಾಲೂ ಇರುವುದಿಲ್ಲ. ಸೆಟ್ಟಿಂಗ್ಸ್‌ನ ಮೊದಲ ಪುಟದಲ್ಲೇ ಇದೆ, ಟಿಕ್ ಹಾಕಿದರೆ ಆಯಿತು.

2025ರ ಮಾರ್ಚ್‌ನಲ್ಲಿ ಬಂದ 136ನೇ ಆವೃತ್ತಿಯಲ್ಲಿ ಟ್ಯಾಬ್‌ಗಳನ್ನು ಎಡಬದಿಗೆ, ಒಂದರ ಕೆಳಗೊಂದು ನಿಲ್ಲಿಸಬಹುದು. ಕನ್ನಡಕ್ಕೆ ಹೇಳಿ ಮಾಡಿಸಿದಂತಿದೆ: ಶೀರ್ಷಿಕೆ ಉದ್ದಕ್ಕೆ ಕಾಣುತ್ತದೆ, ಬಲಕ್ಕೆ ಎಳೆದರೆ ಪಟ್ಟಿ ಇನ್ನಷ್ಟು ಅಗಲ. ಆದರೆ ನನ್ನ ಲ್ಯಾಪ್‌ಟಾಪ್ ಪರದೆಯಲ್ಲಿ ಮೂಲ ಪಠ್ಯವೂ ಅನುವಾದವೂ ಅಕ್ಕಪಕ್ಕ ಇರಬೇಕು. ಪಟ್ಟಿ ಜಾಗ ತಿಂದಿತೆಂದು ಎರಡನೇ ದಿನಕ್ಕೇ ಹಳೆಯ ಸಾಲಿಗೆ ಮರಳಿದೆ. ದೊಡ್ಡ ಮಾನಿಟರ್ ಇರುವ ಮನೆಯ ಮೇಜಿನಲ್ಲಿ ಮಾತ್ರ ಎಡಬದಿಯ ಪಟ್ಟಿ ಹಾಗೇ ಉಳಿದಿದೆ.