ಅಮೆರಿಕದಲ್ಲಿ ಪಿಎ (ಫಿಸಿಶಿಯನ್ ಅಸಿಸ್ಟೆಂಟ್) ಓದಬೇಕಾ? ಅರ್ಜಿಗೆ ಎರಡು ವರ್ಷ ಮೊದಲೇ ಶುರು ಮಾಡಿ

ವಾರಕ್ಕೊಂದು ಮೆಸೇಜ್ ಆದರೂ ಬರುತ್ತದೆ. "ಅಕ್ಕಾ, ಊರಲ್ಲಿ ಬಿಎಸ್ಸಿ ಮಾಡಿದ್ದೀನಿ, ಈಗ ನಮ್ಮನೆಯವರ ಜೊತೆ ಟೆಕ್ಸಾಸ್‌ನಲ್ಲಿದ್ದೀನಿ, ನಾನು ಪಿಎ ಓದಬಹುದಾ?" ಓದಬಹುದು. ನಾನೂ ಹಾಸನದಲ್ಲಿ ಬಿಎಸ್ಸಿ ಮುಗಿಸಿ, ಮದುವೆಯಾಗಿ, ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಇಲ್ಲಿಗೆ ಬಂದವಳು. ಮೊದಲ ಸಲ ಹಾಕಿದ ಅರ್ಜಿಗೆ ಒಂದೇ ಒಂದು ಇಂಟರ್‌ವ್ಯೂ ಕರೆ ಕೂಡ ಬರಲಿಲ್ಲ. ಎರಡನೇ ಸಲ ಸೀಟು ಸಿಕ್ಕಿತು. ಆ ಎರಡು ಅರ್ಜಿಗಳ ಮಧ್ಯೆ ನಾನು ಏನು ಬದಲಾಯಿಸಿದೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು.

ಪಿಎ ಅಂದರೆ ಫಿಸಿಶಿಯನ್ ಅಸಿಸ್ಟೆಂಟ್. 2021ರಲ್ಲಿ ಅವರ ರಾಷ್ಟ್ರೀಯ ಸಂಘ ಆ ಹೆಸರನ್ನು ಫಿಸಿಶಿಯನ್ ಅಸೋಸಿಯೇಟ್ ಅಂತ ಬದಲಾಯಿಸಲು ತೀರ್ಮಾನಿಸಿತು, ಆದರೆ ಹಳೆಯ ಹೆಸರೂ ಬಳಕೆಯಲ್ಲಿದೆ. ನಮ್ಮಮ್ಮ ಈಗಲೂ ಕೇಳುತ್ತಾರೆ, "ಡಾಕ್ಟ್ರಾ, ನರ್ಸಾ?" ಅಂತ. ಎರಡೂ ಅಲ್ಲ. ಪಿಎ ರೋಗಿಯನ್ನು ಪರೀಕ್ಷೆ ಮಾಡುತ್ತಾರೆ, ಕಾಯಿಲೆ ಏನು ಅಂತ ಗುರುತಿಸುತ್ತಾರೆ, ಔಷಧಿ ಬರೆಯುತ್ತಾರೆ, ಆಪರೇಷನ್‌ನಲ್ಲಿ ಸರ್ಜನ್ ಪಕ್ಕ ನಿಲ್ಲುತ್ತಾರೆ. ಡಾಕ್ಟರ ಜೊತೆ ಸೇರಿ ಮಾಡುವ ಕೆಲಸ ಇದು. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯುಜೀನ್ ಸ್ಟೆಡ್ ಇದನ್ನು ಶುರು ಮಾಡಿದರು. ಮೊದಲ ತಂಡದಲ್ಲಿದ್ದವರು ನೌಕಾಪಡೆಯಲ್ಲಿ ವೈದ್ಯಕೀಯ ಕೆಲಸ ಮಾಡಿ ಬಂದವರು. ಇದನ್ನು ಸುಮ್ನೆ ಹೇಳುತ್ತಿಲ್ಲ. ರೋಗಿಗಳನ್ನು ಮುಟ್ಟಿ ಕೆಲಸ ಮಾಡಿದವರನ್ನೇ ತಂದು ಓದಿಸುವ ಪದ್ಧತಿ ಅಲ್ಲಿಂದಲೇ ಬಂದಿದೆ, ಇವತ್ತಿಗೂ ಅರ್ಜಿಯಲ್ಲಿ ಅದಕ್ಕೇ ತೂಕ.

ಇನ್ನೊಂದು ಮಾತು. ಭಾರತದಲ್ಲೂ ಪಿಎ ಕೋರ್ಸ್‌ಗಳಿವೆ. ಆದರೆ ಆ ಡಿಗ್ರಿ ಹಿಡಿದು ಬಂದು ಇಲ್ಲಿ ಪಿಎ ಆಗಿ ಕೆಲಸ ಮಾಡಲು ಆಗುವುದಿಲ್ಲ. ಎಂಬಿಬಿಎಸ್ ಮಾಡಿದವರಿಗೂ ಅಷ್ಟೇ. ಎಆರ್‌ಸಿ-ಪಿಎ ಅನ್ನುವ ಸಂಸ್ಥೆ ಮಾನ್ಯತೆ ಕೊಟ್ಟ ಇಲ್ಲಿನ ಕಾಲೇಜಿನಲ್ಲೇ ಓದಿ ಮುಗಿಸಿರಬೇಕು, ಆಮೇಲೆ ಪ್ಯಾನ್ಸ್ ಅನ್ನುವ ರಾಷ್ಟ್ರೀಯ ಪರೀಕ್ಷೆ ಪಾಸಾಗಬೇಕು. ಅಡ್ಡದಾರಿ ಇದೆ ಅಂತ ದುಡ್ಡು ಕೇಳುವವರನ್ನು ನಂಬಬೇಡಿ.

ಮೊದಲು ವೀಸಾ ವಿಷಯ ನೋಡಿಕೊಳ್ಳಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಎಚ್-4ರಲ್ಲಿ ಓದಬಹುದು, ಆದರೆ ಕೆಲಸ ಮಾಡಬೇಕು ಅಂದರೆ ಇಎಡಿ ಅನ್ನುವ ಕೆಲಸದ ಅನುಮತಿ ಕಾರ್ಡ್ ಬೇಕು, ಅದು ಸಾಮಾನ್ಯವಾಗಿ ಗಂಡನ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆದ ಮೇಲೆಯೇ ಸಿಗುವುದು. ಅರ್ಜಿಗೆ ರೋಗಿಗಳ ಜೊತೆ ಕೆಲಸ ಮಾಡಿದ ಅನುಭವದ ಗಂಟೆಗಳು ಬೇಕು, ಆದರೆ ಕಾರ್ಡ್ ಇಲ್ಲದೆ ಕೆಲಸ ಮಾಡುವ ಹಾಗಿಲ್ಲ. ನಮ್ಮವರಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟರೆ ಪರವಾಗಿಲ್ಲ ಅಂದುಕೊಳ್ಳಬೇಡಿ, ಅದೂ ನಿಯಮಕ್ಕೆ ವಿರುದ್ಧ ಆಗಬಹುದು. ಕಾರ್ಡ್ ಬರುವವರೆಗೆ ಆಸ್ಪತ್ರೆಗಳು, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್‌ಗಳು ನಡೆಸುವ ಸರಿಯಾದ ಸ್ವಯಂಸೇವಕರ ತಂಡ ಸೇರಿ, ಒಬ್ಬ ಪಿಎ ಜೊತೆ ನಿಂತು ಅವರ ಕೆಲಸ ನೋಡಿ, ಬಾಕಿ ಇರುವ ವಿಷಯಗಳನ್ನು ಓದಿ ಮುಗಿಸಿ. ಕೆಲವು ಕಾಲೇಜುಗಳು ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ತೆಗೆದುಕೊಳ್ಳುತ್ತವೆ. ಪಟ್ಟಿ ಮಾಡುವ ಮೊದಲೇ ಒಂದು ಇಮೇಲ್ ಹಾಕಿ ಕೇಳಿ.

ಊರಿನ ಮಾರ್ಕ್ಸ್ ಕಾರ್ಡ್ ಇಲ್ಲಿ ನೇರವಾಗಿ ನಡೆಯುವುದಿಲ್ಲ. ವಿದೇಶದ ಡಿಗ್ರಿಗಳನ್ನು ಇಲ್ಲಿನ ಲೆಕ್ಕಕ್ಕೆ ತರುವ ಡಬ್ಲ್ಯುಇಎಸ್ ಥರದ ಸಂಸ್ಥೆಯಿಂದ ಪ್ರತಿ ವಿಷಯದ ಲೆಕ್ಕ ಬರುವ ಹಾಗೆ ಮೌಲ್ಯಮಾಪನ ಮಾಡಿಸಬೇಕು. ಮೂರು ವರ್ಷದ ಡಿಗ್ರಿಯನ್ನು ಕೆಲವರಿಗೆ ಪೂರ್ತಿ ಬ್ಯಾಚುಲರ್ಸ್‌ಗೆ ಸಮ ಅಂತ ಬರೆಯುತ್ತಾರೆ, ಕೆಲವರಿಗೆ ಬರೀ ಮೂರು ವರ್ಷದ ಓದು ಅಂತ ಬರೆಯುತ್ತಾರೆ. ಅದು ಗೊತ್ತಾಗದೆ ಮುಂದಿನ ಹೆಜ್ಜೆ ಇಡಬೇಡಿ. ನನ್ನ ವಿಷಯದಲ್ಲಿ ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್ ಇಟ್ಟು ಸೀಲ್ ಮಾಡಿದ ಕವರ್ ಹೊರಡುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು. ನನ್ನ ತಮ್ಮ ಆರು ಸಲ ಬಸ್ಸು ಹತ್ತಿ ಹೋಗಿ ಬಂದ, ಒಂದು ಸಲ ಚಲನ್ ಸರಿ ಇಲ್ಲ, ಇನ್ನೊಂದು ಸಲ ಸಹಿ ಮಾಡುವವರು ರಜೆ. ಹಾಗಾಗಿ ಊರಿಗೆ ಹೋದಾಗಲೇ ಈ ಕೆಲಸ ಮುಗಿಸಿಕೊಳ್ಳಿ, ಎರಡು ಕವರ್ ಜಾಸ್ತಿಯೇ ಮಾಡಿಸಿಟ್ಟುಕೊಳ್ಳಿ.

ಇಷ್ಟಾದರೂ ಬಹಳ ಕಾಲೇಜುಗಳು ಕಡ್ಡಾಯ ವಿಷಯಗಳನ್ನು ಅಮೆರಿಕದಲ್ಲೇ ಓದಿರಬೇಕು ಅನ್ನುತ್ತವೆ. ಲ್ಯಾಬ್ ಸಮೇತ ಅನಾಟಮಿ ಮತ್ತು ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಅಥವಾ ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ. ಜೆನೆಟಿಕ್ಸ್, ಮೆಡಿಕಲ್ ಟರ್ಮಿನಾಲಜಿ ಕೇಳುವವರೂ ಇದ್ದಾರೆ. ಮೊದಲ ಸಲ ನಾನು ಊರಿನ ಬಯೋಕೆಮಿಸ್ಟ್ರಿ ಸಾಕು ಅಂದುಕೊಂಡಿದ್ದೆ, ಒಂದು ಕಾಲೇಜು ಅದೊಂದೇ ಕಾರಣಕ್ಕೆ ಅರ್ಜಿಯನ್ನು ಪಕ್ಕಕ್ಕಿಟ್ಟಿತು. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಓದಿದರೆ ಖರ್ಚು ಕಡಿಮೆ, ಜೊತೆಗೆ ಶಿಫಾರಸು ಪತ್ರ ಬರೆಯುವ ಒಬ್ಬರು ಮೇಷ್ಟ್ರೂ ಸಿಗುತ್ತಾರೆ. ಒಂದು ಎಚ್ಚರ: ಒಂದು ವಿಷಯವನ್ನು ಎರಡು ಸಲ ಓದಿದರೆ ಎರಡೂ ಗ್ರೇಡ್ ಲೆಕ್ಕಕ್ಕೆ ಬರುತ್ತವೆ, ಹಳೆಯದು ಅಳಿಸಿಹೋಗುವುದಿಲ್ಲ. ಸಾಮಾನ್ಯವಾಗಿ ಕನಿಷ್ಠ 3.0 ಜಿಪಿಎ (4ಕ್ಕೆ) ಕೇಳುತ್ತಾರೆ, ಸೀಟು ಸಿಗುವವರದು ಅದಕ್ಕಿಂತ ಮೇಲೆಯೇ ಇರುತ್ತದೆ.

ಈಗ ಗಂಟೆಗಳ ವಿಷಯ. ಇದಕ್ಕೆ ಜಾಸ್ತಿ ಸಮಯ ಕೊಡಿ.

ರೋಗಿಯ ಆರೈಕೆಯ ನೇರ ಅನುಭವ ಬೇರೆ, ಆಸ್ಪತ್ರೆಯಲ್ಲಿ ಮಾಡಿದ ಉಳಿದ ಕೆಲಸ ಬೇರೆ. ಅರ್ಜಿಯಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ. ಸಿಎನ್‌ಎ (ನರ್ಸ್ ಕೈಕೆಳಗೆ ರೋಗಿಯ ಆರೈಕೆ ಮಾಡುವವರು), ಇಎಂಟಿ (ಆಂಬ್ಯುಲೆನ್ಸ್‌ನಲ್ಲಿ ತುರ್ತು ಆರೈಕೆ ಕೊಡುವವರು), ಮೆಡಿಕಲ್ ಅಸಿಸ್ಟೆಂಟ್ ಮೊದಲನೆಯದಕ್ಕೆ ಸೇರುತ್ತಾರೆ. ರಿಸೆಪ್ಷನ್‌ನಲ್ಲಿ ಕೂತವರು ಎರಡನೆಯದಕ್ಕೆ. ಡಾಕ್ಟರ ಪಕ್ಕ ಕೂತು ಟಿಪ್ಪಣಿ ಬರೆಯುವ ಸ್ಕ್ರೈಬ್ ಕೆಲಸವನ್ನು ಒಂದೊಂದು ಕಾಲೇಜು ಒಂದೊಂದು ಥರ ನೋಡುತ್ತದೆ. ಕೆಲವು ಕಡೆ 500 ಗಂಟೆ ಸಾಕು, ಕೆಲವು ಕಡೆ 2000 ಕೇಳುತ್ತಾರೆ, ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ಪೂರ್ತಿ ಕೆಲಸ. ನನ್ನ ಸಲಹೆ ಸಿಎನ್‌ಎ. ಕೇಂದ್ರದ ನಿಯಮದ ಪ್ರಕಾರ ತರಬೇತಿ ಕನಿಷ್ಠ 75 ಗಂಟೆ, ಕೆಲವು ರಾಜ್ಯಗಳಲ್ಲಿ ಅದಕ್ಕಿಂತ ಜಾಸ್ತಿ. ಮುದುಕರನ್ನು ನೋಡಿಕೊಳ್ಳುವ ಕೆಲವು ನರ್ಸಿಂಗ್ ಹೋಮ್‌ಗಳು ತಾವೇ ದುಡ್ಡು ಹಾಕಿ ಕಲಿಸುತ್ತವೆ.

"ಓದಿದವಳು ಮುದುಕರ ಮೈ ಒರೆಸೋಕೆ ಹೋಗ್ತೀಯಾ?" ಅಂತ ನಾನು ಸಿಎನ್‌ಎ ಕೆಲಸಕ್ಕೆ ಸೇರಿದಾಗ ಅತ್ತೆ ಬೇಜಾರು ಮಾಡಿಕೊಂಡರು. ನನಗೂ ಮೊದಲ ವಾರ ಕಷ್ಟವಾಯಿತು. ಆದರೆ ಪಿಎ ಕೆಲಸದ ಅರ್ಧ ನಾನು ಕಲಿತದ್ದು ಅಲ್ಲೇ. ರಾತ್ರಿ ಪಾಳಿಯಲ್ಲಿ ಒಬ್ಬರು ತಾತ ಇದ್ದರು, ಪಾರ್ಶ್ವವಾಯು ಹೊಡೆದು ಬಲಗಡೆ ಸ್ವಾಧೀನ ಇರಲಿಲ್ಲ, ಮಾತೂ ಇರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಒಂದು ರಾತ್ರಿ ಕಾಲುಚೀಲ ತೆಗೆದಾಗ ಹಿಮ್ಮಡಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಕಂಡಿತು. ಬೆರಳಿಂದ ಒತ್ತಿ ಬಿಟ್ಟೆ. ಚೆನ್ನಾಗಿರುವ ಚರ್ಮವಾದರೆ ಒತ್ತಿದ ಕಡೆ ಬೆಳ್ಳಗಾಗಿ ಮತ್ತೆ ಕೆಂಪಾಗುತ್ತದೆ. ಇದು ಕೆಂಪಾಗಿಯೇ ಉಳಿಯಿತು. ಹಾಸಿಗೆ ಹುಣ್ಣು ಶುರುವಾಗುವುದು ಹೀಗೆ. ನರ್ಸ್‌ಗೆ ಹೇಳಿದೆ, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿದೆವು. ಹುಣ್ಣು ಆಗಲಿಲ್ಲ. ಬಾಯಿ ಬಾರದ ಮನುಷ್ಯನಿಗೆ ಎಲ್ಲಿ ನೋಯುತ್ತಿದೆ ಅನ್ನುವುದನ್ನು ನಾವೇ ಹುಡುಕಬೇಕು ಅಂತ ಅವತ್ತು ಗೊತ್ತಾಯಿತು. ಪ್ರತಿ ಪಾಳಿ ಮುಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಡಿ, ಹೆಸರು ಮಾತ್ರ ಬರೆಯಬೇಡಿ. ಜೊತೆಗೆ ಗಂಟೆಗಳ ಲೆಕ್ಕ. ಎರಡು ವರ್ಷ ಆದ ಮೇಲೆ ಇದೆಲ್ಲ ನೆನಪಿರುವುದಿಲ್ಲ.

ಬಹುತೇಕ ಎಲ್ಲ ಕಾಲೇಜುಗಳಿಗೂ ಅರ್ಜಿ ಹೋಗುವುದು ಕ್ಯಾಸ್ಪಾ ಅನ್ನುವ ಒಂದೇ ಪೋರ್ಟಲ್ ಮೂಲಕ. ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ತೆರೆಯುತ್ತದೆ. ಬಹಳ ಕಾಲೇಜುಗಳು ಅರ್ಜಿ ಬಂದ ಹಾಗೆ ನೋಡಿ, ಬಂದ ಹಾಗೆ ಸೀಟು ಕೊಡುತ್ತಾ ಹೋಗುತ್ತವೆ, ಹಾಗಾಗಿ ಕೊನೆಯ ದಿನಾಂಕ ಅಕ್ಟೋಬರ್ ಅಂತಿದ್ದರೂ ಸೆಪ್ಟೆಂಬರ್‌ನಲ್ಲಿ ಹಾಕಿದವರಿಗೆ ಉಳಿದಿರುವ ಸೀಟುಗಳು ಕಡಿಮೆ. ನಾನು ಮೊದಲ ಸಲ ಹಾಕಿದ್ದು ಸೆಪ್ಟೆಂಬರ್‌ನಲ್ಲಿ, ಅದೂ ಮುನ್ನೂರು ಗಂಟೆಯ ಅನುಭವ ಇಟ್ಟುಕೊಂಡು. ಎರಡನೇ ಸಲ ಜೂನ್ ಮೊದಲ ವಾರಕ್ಕೆ ಎಲ್ಲ ಮುಗಿದಿತ್ತು. ಸಬ್‌ಮಿಟ್ ಒತ್ತಿದ ತಕ್ಷಣ ಕೆಲಸ ಆಯಿತು ಅಂತಲ್ಲ. ಟ್ರಾನ್ಸ್‌ಕ್ರಿಪ್ಟ್‌ಗಳು ಸೇರಬೇಕು, ಅವರು ಪರಿಶೀಲಿಸಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಕೆಲವು ಕಾಲೇಜುಗಳು ಕೊನೆಯ ದಿನಕ್ಕೆ ಅರ್ಜಿ ಕಳಿಸಿದ್ದರೆ ಸಾಕು ಅನ್ನುತ್ತವೆ, ಕೆಲವು ಅಷ್ಟರೊಳಗೆ ಪರಿಶೀಲನೆಯೂ ಮುಗಿದಿರಬೇಕು ಅನ್ನುತ್ತವೆ. ಆ ಒಂದು ಪದವನ್ನು ಗಮನ ಇಟ್ಟು ಓದಿ. ಶಿಫಾರಸು ಪತ್ರ ಸಾಮಾನ್ಯವಾಗಿ ಮೂರು ಬೇಕು, ಒಂದನ್ನು ಪಿಎ ಬರೆದರೆ ಒಳ್ಳೆಯದು. ದೊಡ್ಡ ಹೆಸರಿನ ಡಾಕ್ಟರಿಗಿಂತ, ನಿಮ್ಮ ಕೆಲಸವನ್ನು ದಿನಾ ನೋಡಿದ ಚಾರ್ಜ್ ನರ್ಸ್ (ಪಾಳಿಯ ಉಸ್ತುವಾರಿ ನರ್ಸ್) ಬರೆದ ಪತ್ರವೇ ಮೇಲು.

ನಿಮ್ಮ ಬಗ್ಗೆ ಬರೆಯಲು 5000 ಅಕ್ಷರ ಕೊಡುತ್ತಾರೆ, ಖಾಲಿ ಜಾಗವೂ ಸೇರಿ. ನಾನು ಮೊದಲ ಸಲ ಚಿಕ್ಕಂದಿನಿಂದ ಸೇವೆಯ ಆಸೆ ಇತ್ತು ಅಂತ ಬರೆದಿದ್ದೆ. ಎರಡನೇ ಸಲ ಆ ಹಿಮ್ಮಡಿಯ ಕಥೆ ಬರೆದೆ. ಇಂಟರ್‌ವ್ಯೂನಲ್ಲಿ ಮೂವರೂ ಅದನ್ನೇ ಕೇಳಿದರು.

ಇಂಟರ್‌ವ್ಯೂ ಬಗ್ಗೆ ಎರಡೇ ಮಾತು. "ಡಾಕ್ಟರ್ ಯಾಕಲ್ಲ, ನರ್ಸ್ ಪ್ರಾಕ್ಟೀಷನರ್ (ಹೆಚ್ಚಿಗೆ ಓದಿ ಚಿಕಿತ್ಸೆಯನ್ನೂ ಕೊಡುವ ನರ್ಸ್) ಯಾಕಲ್ಲ, ಪಿಎನೇ ಯಾಕೆ?" ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ. ಓದುವ ವರ್ಷ ಕಡಿಮೆ ಅನ್ನುವುದಷ್ಟೇ ನಿಮ್ಮ ಉತ್ತರವಾದರೆ ಇನ್ನೂ ಯೋಚಿಸಬೇಕು ಅಂತ ಅರ್ಥ. ನಮ್ಮಲ್ಲಿ ದೊಡ್ಡವರ ಮುಂದೆ ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಾರದು ಅಂತ ಕಲಿಸಿರುತ್ತಾರೆ, ಅಲ್ವಾ? ಅಲ್ಲಿ ಅದು ಬೇಡ. ಮಾಡಿದ್ದನ್ನು ಮಾಡಿದೆ ಅಂತ ಹೇಳಿ, ಸಾಕು.

ಕಾಲೇಜು ಆರಿಸುವಾಗ ಮೂರು ಸಂಗತಿ ನೋಡಿ: ಎಆರ್‌ಸಿ-ಪಿಎ ಮಾನ್ಯತೆ ಯಾವ ಸ್ಥಿತಿಯಲ್ಲಿದೆ, ಐದು ವರ್ಷದ ಪ್ಯಾನ್ಸ್ ಫಲಿತಾಂಶ ಹೇಗಿದೆ, ಮಧ್ಯದಲ್ಲೇ ಬಿಟ್ಟವರು ಎಷ್ಟು ಜನ. ಇವನ್ನು ಅವರು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು. ದುಡ್ಡಿನ ಲೆಕ್ಕ ಮನೆಯವರ ಜೊತೆ ಕೂತು ಮಾಡಿ. ಓದುವಾಗ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಸರ್ಕಾರಿ ಸಾಲ ನಮ್ಮಂಥವರಲ್ಲಿ ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದವರಿಗೆ ಮಾತ್ರ. ಹೊಸದಾಗಿ ಸಾಲ ಪಡೆಯುವವರಿಗೆ 2026ರ ಜುಲೈ 1ರಿಂದ ಗ್ರ್ಯಾಡ್ ಪ್ಲಸ್ (ಪದವಿ ಮುಗಿಸಿ ಮುಂದೆ ಓದುವವರಿಗಿದ್ದ ಸರ್ಕಾರಿ ಸಾಲ) ಇಲ್ಲ ಅನ್ನುವುದನ್ನು ಮರೆಯಬೇಡಿ. ನಿಮಗೆ ವರ್ಷಕ್ಕೆ ಎಷ್ಟರವರೆಗೆ ಸಿಗುತ್ತದೆ ಅಂತ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿನಿಂದ ಬರಹದಲ್ಲಿ ತೆಗೆದುಕೊಳ್ಳಿ.

ಕೋರ್ಸ್ ಹೆಚ್ಚುಕಡಿಮೆ 27 ತಿಂಗಳು. ಮೊದಲ ವರ್ಷ ಪೂರ್ತಿ ತರಗತಿ: ಅನಾಟಮಿ, ಔಷಧಿಗಳು, ಒಂದೊಂದು ಅಂಗದ ಕಾಯಿಲೆಗಳು, ಪರೀಕ್ಷೆ ಮಾಡುವ ಕ್ರಮ. ವಾರಕ್ಕೆ ಎರಡು ಮೂರು ಟೆಸ್ಟ್ ಇದ್ದದ್ದೂ ಇದೆ. ಊರಲ್ಲಿ ಪರೀಕ್ಷೆಗೆ ಹದಿನೈದು ದಿನ ಇರುವಾಗ ಓದಿ ಪಾಸಾದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಅವತ್ತಿನದನ್ನು ಅವತ್ತೇ ಓದಿ, ಮೂರು ದಿನ ಬಿಟ್ಟು ಪುಸ್ತಕ ಮುಚ್ಚಿ ನಿಮ್ಮನ್ನು ನೀವೇ ಪ್ರಶ್ನೆ ಕೇಳಿಕೊಳ್ಳಿ. ನಾನು ಅಡುಗೆ ಮಾಡುತ್ತಾ ನಮ್ಮನೆಯವರಿಗೆ ಕನ್ನಡದಲ್ಲಿ ಪಾಠ ಹೇಳುತ್ತಿದ್ದೆ. ಹೃದಯದ ಕವಾಟ ಸರಿಯಾಗಿ ಮುಚ್ಚದಿದ್ದರೆ ರಕ್ತ ಹೇಗೆ ವಾಪಸ್ ಬರುತ್ತದೆ ಅಂತ ಸಾಫ್ಟ್‌ವೇರ್ ಓದಿದವರಿಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ, ನಿಮಗೂ ಅರ್ಥವಾಗಿದೆ ಅಂತಲೇ. ಭಾನುವಾರ ಅರ್ಧ ದಿನ ಪುಸ್ತಕ ಮುಟ್ಟಬೇಡಿ. ನಿದ್ದೆ ಬಿಡಬೇಡಿ. ಹಿಂದೆ ಬಿದ್ದಿದ್ದೀರಿ ಅನ್ನಿಸಿದರೆ ಫೇಲ್ ಆಗುವವರೆಗೆ ಕಾಯದೆ ಅಡ್ವೈಸರ್ ಹತ್ತಿರ ಹೋಗಿ. ನಮ್ಮವರು ಕೇಳಲು ನಾಚಿಕೊಂಡು ಕೆಡುತ್ತಾರೆ, ನನಗೆ ನಿಜಕ್ಕೂ ಬೇಜಾರಾಗುವ ವಿಷಯ ಇದು.

ಎರಡನೇ ವರ್ಷ ಆಸ್ಪತ್ರೆ. ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಎಮರ್ಜೆನ್ಸಿ, ಸರ್ಜರಿ, ಮಕ್ಕಳು, ಸ್ತ್ರೀ ಆರೋಗ್ಯ, ಮಾನಸಿಕ ಆರೋಗ್ಯ. ಒಂದೊಂದು ಕಡೆ ನಾಲ್ಕು ವಾರ, ಆರು ವಾರ. ಕೆಲವು ಜಾಗ ಮನೆಯಿಂದ ಎರಡು ಗಂಟೆ ದೂರ ಇರುತ್ತದೆ, ಚಿಕ್ಕ ಮಕ್ಕಳಿದ್ದರೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ಅಲ್ಲಿ ನಿಮ್ಮನ್ನು ಅಳೆಯುವುದು ರೋಗಿಯ ವಿಷಯ ಹೇಗೆ ಹೇಳುತ್ತೀರಿ ಅನ್ನುವುದರ ಮೇಲೆ. "52 ವರ್ಷದವರು, ಸಕ್ಕರೆ ಕಾಯಿಲೆ ಇದೆ, ಎರಡು ದಿನದಿಂದ ಎದೆ ಬಿಗಿತ, ನಡೆದರೆ ಜಾಸ್ತಿ, ಕೂತರೆ ಕಡಿಮೆ." ಇಷ್ಟು ಕೇಳಿದರೆ ಮುಂದೇನು ಅಂತ ಎದುರಿನವರಿಗೆ ಹೊಳೆಯಬೇಕು. ಕನ್ನಡಿ ಮುಂದೆ ನಿಂತು ದಿನಾ ಅಭ್ಯಾಸ ಮಾಡಿ.

ಒಂದು ದಿನ ಎಮರ್ಜೆನ್ಸಿಗೆ ಮಗನ ಮನೆಗೆಂದು ಬಂದಿದ್ದ ಒಬ್ಬರು ಅಜ್ಜಿ ಬಂದರು. "ಸಂಕಟ ಆಗ್ತಿದೆ ಕಣಪ್ಪಾ" ಅಂತ ಹೇಳುತ್ತಲೇ ಇದ್ದರು. ಮಗ ಅದನ್ನು ಬೇಜಾರು ಅನ್ನುವ ಅರ್ಥದಲ್ಲಿ ಇಂಗ್ಲಿಷಿಗೆ ತಿರುಗಿಸಿದ. ಸಂಕಟ ಅಂದರೆ ಹೊಟ್ಟೆ ತೊಳಸುವುದು, ಎದೆಯ ಹತ್ತಿರ ಏನೋ ಆಗುವುದು, ಎಲ್ಲವೂ ಇರಬಹುದಲ್ವಾ? ನಾನು ಇನ್ನೂ ವಿದ್ಯಾರ್ಥಿನಿ, ನಾನೇ ಅನುವಾದಕ್ಕೆ ನಿಲ್ಲುವ ಹಾಗಿರಲಿಲ್ಲ. ನನಗೆ ಕಲಿಸುತ್ತಿದ್ದ ಪಿಎಗೆ ವಿಷಯ ತಿಳಿಸಿದೆ, ಫೋನಿನಲ್ಲಿ ಕನ್ನಡ ಅನುವಾದಕರನ್ನು ಕರೆಸಿದರು, ಇಸಿಜಿಯನ್ನೂ ತಕ್ಷಣ ಮಾಡಿದರು. ನಿಮ್ಮ ಭಾಷೆಯನ್ನು ಹೀಗೆ ಬಳಸಿ, ನಿಯಮ ಮೀರದೆ.

ಕೊನೆಗೆ ಪ್ಯಾನ್ಸ್. 300 ಪ್ರಶ್ನೆ, 60ರ ಐದು ಕಂತು, ಒಟ್ಟು ಐದು ಗಂಟೆ. ಹೃದಯ ಮತ್ತು ರಕ್ತನಾಳಗಳ ಭಾಗಕ್ಕೆ ಪಾಲು ಜಾಸ್ತಿ, ಅಲ್ಲಿಂದಲೇ ಶುರು ಮಾಡಿ. ಪಾಸಾದ ಮೇಲೆ ರಾಜ್ಯದ ಲೈಸೆನ್ಸ್, ನಿಯಂತ್ರಿತ ಔಷಧಿ ಬರೆಯಲು ಡಿಇಎ (ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆ) ನೋಂದಣಿ, ಆಮೇಲೆ ಆಸ್ಪತ್ರೆಯ ಕಾಗದಪತ್ರ. ನನಗೆ ಕೆಲಸದ ಪತ್ರ ಕೈಗೆ ಬಂದು ಮೊದಲ ಸಂಬಳ ಬರುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು. ಕೆಲಸಕ್ಕೆ ಆಸ್ಪತ್ರೆಯ ವರ್ಷದಲ್ಲೇ ಅರ್ಜಿ ಹಾಕಿ, ಆ ನಾಲ್ಕು ತಿಂಗಳ ಬಾಡಿಗೆ ಮತ್ತು ದಿನಸಿಯ ದುಡ್ಡನ್ನು ಮೊದಲೇ ಎತ್ತಿಟ್ಟುಕೊಳ್ಳಿ.